ಕೂರದ ವರ್ನನ್

ಇಂಡಿಯಾನಾದ ನಮ್ಮೂರಲ್ಲಿ ಕಾಲೇಜಿನ ಬ್ಯಾಸ್ಕೆಟ್‌ಬಾಲ್ ತಂಡ ಮೊದಲ ಬ್ಯಾಸ್ಕೆಟ್ ಹಾಕುವವರೆಗೆ ನೋಡಲು ಬಂದವರು ಯಾರೂ ಕೂರುವುದಿಲ್ಲ, ಅದು ಕಟ್ಟಳೆ. ಎರಕದ ಕಾರ್ಖಾನೆಯಲ್ಲಿ ಮಂಡಿ ಮುರಿದುಕೊಂಡು ಕೆಲಸ ಬಿಟ್ಟ ವರ್ನನ್ ಹ್ಯಾಸ್ಕೆಟ್ ಈ ಕಟ್ಟಳೆಯ ಪೂಜಾರಿ. ನವೆಂಬರಿನಿಂದ ಮಾರ್ಚಿನವರೆಗೆ ಅದೇ ಕೆಂಪು ಸ್ವೆಟರು, ಒಗೆದರೆ ತಂಡ ಸೋಲುತ್ತದಂತೆ. ರೆಫರಿಗೆ, "ಲೋ, ನಿಮ್ಮಜ್ಜಿ ಕನ್ನಡಕ ಕದ್ದು ಹಾಕ್ಕೊಂಡು ಬಂದಿದ್ದೀಯೇನೋ?" ಎಂದು ಕೂಗದಿದ್ದರೆ ಅವನ ಗಂಟಲಲ್ಲಿ ಪಾಪ್‌ಕಾರ್ನ್ ಇಳಿಯದು. ಆದರೆ ಎರಡು ವರ್ಷದಿಂದ ಅವನು ಬ್ಯಾಸ್ಕೆಟ್ ಬಿದ್ದ ಮೇಲೂ ಕೂರುವುದಿಲ್ಲ. ಆ ಮುರುಕು ಮಂಡಿಯ ಮೇಲೆ ಆಟ ಮುಗಿಯುವವರೆಗೂ ನಿಂತೇ ಇರುತ್ತಾನೆ. "ಕೂತ್ಕೊಳ್ಳಯ್ಯ ವರ್ನ್, ನಿನ್ನ ಬೆನ್ನು ನೋಡೋಕೆ ಟಿಕೆಟ್ ತಗೊಂಡಿಲ್ಲ ನಾನು!" ಎಂದು ಹಿಂದಿನ ಸಾಲಿನ ವಾಂಡಾ ಗದರುತ್ತಾಳೆ. ಎರಡು ವರ್ಷದ ಹಿಂದೆ ನಮ್ಮ ತಂಡದ ಕೆಲ್ವಿನ್ ಮಂಡಿ ಹಿಡಿದುಕೊಂಡು ಬಿದ್ದಾಗ, "ಏಳೋ, ನಾಟಕ ಆಡ್ಬೇಡ!" ಎಂದು ಮೊದಲು ಕೂಗಿದವನು ವರ್ನನ್; ಕಾರ್ಖಾನೆಯಲ್ಲಿ ಅವನು ಬಿದ್ದ ದಿನ ಮೇಸ್ತ್ರಿ ಕೂಗಿದ್ದೂ ಅದೇ ಮಾತು. ಕೆಲ್ವಿನ್ ಎದ್ದ, ಆಡಿದ, ನಮ್ಮನ್ನು ಗೆಲ್ಲಿಸಿದ. ಮತ್ತೆಂದೂ ನೆಟ್ಟಗೆ ನಡೆಯಲಿಲ್ಲ. ಅಂದು ವರ್ನನ್ ಜೊತೆ ಇಡೀ ಕ್ರೀಡಾಂಗಣ ಕೂಗಿತ್ತು, ನಾನೂ ಕೂಗಿದ್ದೆ. ಈಗಲೂ ಮೊದಲ ಬ್ಯಾಸ್ಕೆಟ್ ಬಿದ್ದ ಕೂಡಲೇ ನಾವೆಲ್ಲ ಆರಾಮಾಗಿ ಕೂರುತ್ತೇವೆ.