ಐದಕ್ಕೆ ನಾಲ್ಕು: ಎದೆಯೊಳಗೆ ಕ್ಯಾಮೆರಾ ಹಿಡಿಯುವ ಮಾಮ

ಎದೆ ಸೀಳಿದರೆ ಎರಡಕ್ಷರ ಸಿಗದು ಎಂದು ಯಾರನ್ನಾದರೂ ಬೈಯುವ ಮುನ್ನ ಈ ಆಸ್ಪತ್ರೆಯ ಮೂರನೇ ಮಹಡಿಗೆ ಬನ್ನಿ. ಇಲ್ಲಿ ಎದೆ ಸೀಳುವುದೇ ಇಲ್ಲ. ಬೆರಳಗಲದ ಮೂರು ತೂತು ಕೊರೆದು ಇಣುಕುತ್ತಾರೆ, ಅಷ್ಟೇ. ಒಳಗೆ ಅಕ್ಷರ ಸಿಗುವುದಿಲ್ಲ ನಿಜ, ಅಂಕಿ ಸಿಗುತ್ತದೆ. ಅಂಥದೊಂದು ಅಂಕಿಯ ಕಥೆ ಇದು. ನಡೆದದ್ದು ನಡೆದ ಹಾಗೆ, ಉಪ್ಪುಖಾರ ಹಚ್ಚದೆ.

ಬೆಳಗಿನ ಐದೂಮುಕ್ಕಾಲು. ಶಸ್ತ್ರಚಿಕಿತ್ಸಾ ಕೊಠಡಿಯ ಪಕ್ಕದ ಸಣ್ಣ ಕೋಣೆಯಲ್ಲಿ ಎಲ್ಲರೂ ಕ್ಯಾಮೆರಾ ಮಾಮ ಎಂದು ಕರೆಯುವ ಸಹಾಯಕರು ತುಂಬಿದ ನೀರಿನ ಲೋಟವನ್ನು ಬಲಗೈಯಲ್ಲಿ ಚಾಚಿ ಹಿಡಿದು ನಿಂತಿದ್ದಾರೆ. ಹತ್ತು ನಿಮಿಷ ಅಲ್ಲಾಡಬಾರದು, ಹನಿ ಚೆಲ್ಲಬಾರದು. ಚೆಲ್ಲಿದ ದಿನ ತಾವಾಗಿಯೇ ಹೋಗಿ ಬೇರೆಯವರನ್ನು ಕರೆತರುತ್ತಾರೆ. ಕೆಲಸ ಮುಗಿಯುವ ತನಕ ಟೀ ಮುಟ್ಟುವುದಿಲ್ಲ. "ನನ್ನ ಕೈ ಒಂದು ಕೂದಲೆಳೆಯಷ್ಟು ನಡುಗಿದ್ರೆ ಪರದೆ ಮೇಲೆ ಭೂಕಂಪ ಆಗುತ್ತೆ" ಎನ್ನುತ್ತಾರೆ.

ಎದೆಗೂಡಿನಲ್ಲಿ ಹಲವು ಗಂಟುಗಳಿರುವ ರೋಗಿಗಳು ಇಲ್ಲಿಗೆ ಬರುತ್ತಾರೆ. ಪಕ್ಕೆಲುಬುಗಳ ನಡುವೆ ತೂತು ಮಾಡಿ, ಒಂದರಲ್ಲಿ ಕ್ಯಾಮೆರಾ ಕೋಲು, ಉಳಿದೆರಡರಲ್ಲಿ ಉದ್ದನೆಯ ಸಲಕರಣೆ ತೂರಿಸಿ, ಗಂಟುಗಳನ್ನು ಒಂದೊಂದಾಗಿ ಪುಟ್ಟ ಚೀಲದೊಳಗೆ ಹಾಕಿ ಹೊರಗೆಳೆಯುತ್ತಾರೆ. ಕತ್ತರಿಸುವುದು ದೊಡ್ಡ ಡಾಕ್ಟರು. ಕತ್ತರಿಸಬೇಕಾದ್ದನ್ನು ಅವರಿಗೆ ಕಾಣಿಸುವುದು ಮಾಮ. ರೋಗಿ ಮನೆಗೆ ಹೋಗುವಾಗ ಡಾಕ್ಟರ ಕೈ ಹಿಡಿದು ಅಳುತ್ತಾನೆ, ಮಾಮನ ಮುಖವನ್ನೇ ನೋಡಿರುವುದಿಲ್ಲ. ಮೂವತ್ತೊಂದು ವರ್ಷದಲ್ಲಿ ಮಾಮ ನಾಲ್ಕು ಸಾವಿರಕ್ಕೂ ಮಿಕ್ಕಿ ಎದೆಗಳಲ್ಲಿ ಇಣುಕಿದ್ದಾರೆ. "ಇಷ್ಟೊಂದು ಜನರ ಎದೆಯೊಳಗೆ ಜಾಗ ಮಾಡ್ಕೊಂಡಿದೀನಿ, ಮನೇಲಿ ಸೋಫಾ ಮೇಲೆ ಜಾಗ ಸಿಗಲ್ಲ" ಎಂದು ಕಣ್ಣು ಮಿಟುಕಿಸುತ್ತಾರೆ.

ಸೇರಿದ್ದು ನೆಲ ಒರೆಸುವ ಕೆಲಸಕ್ಕೆ. ಕ್ಯಾಮೆರಾ ಹಿಡಿಯುವವರು ಬಾರದ ದಿನ "ನೀನೇ ಹಿಡ್ಕೊಳಯ್ಯಾ" ಅಂದರಂತೆ ಡಾಕ್ಟರು. ಹಿಡಿದ ಕೋಲು ಮತ್ತೆ ಬಿಡಲಿಲ್ಲ. ಕೈ ಎಷ್ಟು ಗಟ್ಟಿಯೋ ನಾಲಿಗೆ ಅಷ್ಟೇ ಸಡಿಲ. ಡಾಕ್ಟರು ಕೆಮ್ಮಿ, ಮೂಗಿನಲ್ಲಿ ಎಳೆದು ಮಾತಾಡುವ ರೀತಿ, ಹೆಡ್ ನರ್ಸಿನ ಸಿಡುಕು, ಲಿಫ್ಟಿನವನ ಆಕಳಿಕೆ, ಎಲ್ಲವೂ ಮಾಮನ ಗಂಟಲಲ್ಲಿದ್ದವು. "ಒಳಗೆ ಎಲ್ಲರಿಗೂ ಮಾಸ್ಕ್ ಅಲ್ವಾ? ಯಾರ ಬಾಯಿ ಆಡ್ತಿದೆ ಅಂತ ಗೊತ್ತೇ ಆಗಲ್ಲ. ಅದೇ ನನ್ನ ಸ್ಟೇಜು."

ಮುಂದಿನದನ್ನು ಹೇಳುವಾಗ ಮಾಮನ ಮುಖದಲ್ಲಿ ನಗೆಯಿಲ್ಲ.

ಏಳು ವರ್ಷದ ಹಿಂದೆ ಶಸ್ತ್ರಚಿಕಿತ್ಸೆಯ ಮೇಜಿನ ಮೇಲೆ ಮಲಗಿದ್ದವನು ಒಬ್ಬ ಪಂಕ್ಚರ್ ಅಂಗಡಿಯವನು. ಕಾಲಿನಲ್ಲಿದ್ದ ಗಂಟು ಬಲ ಶ್ವಾಸಕೋಶಕ್ಕೆ ಬೀಜ ಬಿತ್ತಿತ್ತು. ಸ್ಕ್ಯಾನಿನಲ್ಲಿ ಐದು. ಬೋರ್ಡಿನ ಮೇಲೆ 'ಬಲ, 5' ಎಂದು ಬರೆದಿತ್ತು. ಐದನೆಯದು ಅಕ್ಕಿಕಾಳಿನಷ್ಟು, ಆಳದಲ್ಲಿ. ಕಣ್ಣಿಗೂ ಕಾಣದು, ಕೈಗೂ ಸಿಗದು. ಅದಕ್ಕೇ ಬೆಳಿಗ್ಗೆಯೇ ಗುರುತಿಗೆಂದು ಕೊಕ್ಕೆಯಿರುವ ಸಣ್ಣ ತಂತಿಯೊಂದನ್ನು ಅದರ ಪಕ್ಕ ಚುಚ್ಚಿಟ್ಟಿದ್ದರು. ಶ್ವಾಸಕೋಶದ ಗಾಳಿ ತೆಗೆದು ಮುದುಡಿಸಿ, ನಾಲ್ಕು ಗಂಟು ತೆಗೆದಾಯಿತು. ಐದನೆಯದಕ್ಕೆ ಕೈ ಹಾಕುವ ಮುನ್ನ ಡಾಕ್ಟರು ಗೋಡೆಯ ಕಂಪ್ಯೂಟರಿನಲ್ಲಿ ಸ್ಕ್ಯಾನನ್ನು ಇನ್ನೊಮ್ಮೆ ನೋಡಲು ಹೋದರು. ಎಲ್ಲರೂ ಮೂರು ಗಂಟೆ ನಿಂತು ಸುಸ್ತಾಗಿದ್ದರು. ನಗಿಸೋಣ ಅನ್ನಿಸಿತು ಮಾಮನಿಗೆ.

ಕೆಲಸ ಮುಗಿದಾಗ ಡಾಕ್ಟರು ದಿನಾ ಹೇಳುವ ಮಾತು ಒಂದಿತ್ತು. ಮಾಮ ಕೆಮ್ಮಿದರು, ಮೂಗಿನಲ್ಲಿ ಎಳೆದರು: "ಹ್ಞೂಂ... ಆಯ್ತಮ್ಮಾ, ಗಾಳಿ ತುಂಬಿಸಿ."

ನರ್ಸುಗಳು ಕಿಸಕ್ಕೆಂದರು. ಆದರೆ ರೋಗಿಯ ತಲೆಯ ಬಳಿ, ಅಡ್ಡ ಕಟ್ಟಿದ ಬಟ್ಟೆಯಾಚೆ ಕೂತಿದ್ದ ಅರಿವಳಿಕೆ ವೈದ್ಯೆಗೆ ಕಂಡದ್ದು ಯಾರ ಮುಖವೂ ಅಲ್ಲ, ಕೇಳಿದ್ದು ದೊಡ್ಡ ಡಾಕ್ಟರ ದನಿ. ಅವರು ಗಾಳಿ ತುಂಬಿಸಿದರು.

"ಪರದೆ ಮೇಲೆ ನಾನೇ ಮೊದಲು ನೋಡಿದ್ದು. ಶ್ವಾಸಕೋಶ ಉಬ್ಬುತ್ತಾ ಬಂತು. ತಂತಿ ಕಳಚಿ ಕೆಳಗೆ ಬಿತ್ತು. 'ನಿಲ್ಸಿ' ಅನ್ನೋಕೆ ನನ್ನ ಸ್ವಂತ ದನೀನೇ ಬರ್ಲಿಲ್ಲ."

ಮತ್ತೆ ಗಾಳಿ ತೆಗೆದು ಒಂದು ಗಂಟೆ ಹುಡುಕಿದರು. ಅಕ್ಕಿಕಾಳು ಸಿಗಲಿಲ್ಲ. ಐದಕ್ಕೆ ನಾಲ್ಕು ಎಂದು ಬರೆದು ಹೊಲಿಗೆ ಹಾಕಿದರು. ನಾಲ್ಕು ತಿಂಗಳಿಗೆ ಅದು ಹುಣಸೆಬೀಜದಷ್ಟಾಯಿತು. ಎರಡನೆಯ ಸಲ ಬರಿಯ ಗಂಟು ತೆಗೆದರೆ ಸಾಲಲಿಲ್ಲ, ಶ್ವಾಸಕೋಶದ ಕೆಳಪಾಲನ್ನೇ ತೆಗೆಯಬೇಕಾಯಿತು. ಲಾರಿ ಚಕ್ರ ಎತ್ತುತ್ತಿದ್ದವನು ಅಂದಿನಿಂದ ಸೈಕಲ್ ಟ್ಯೂಬಿಗೆ ಇಳಿದ.

ಮಾಮನನ್ನು ಆರು ತಿಂಗಳು ಸಲಕರಣೆ ತೊಳೆಯುವ ಕೋಣೆಗೆ ಹಾಕಿದರು. ಡಾಕ್ಟರು ಬೈಯಲಿಲ್ಲ. "ತಂತಿ ಜಾರಿತು ಅಂತ ರೋಗಿಗೆ ಹೇಳಿದೀನಿ. ಯಾಕೆ ಜಾರಿತು ಅನ್ನೋದನ್ನ ನೀನೇ ಹೇಳ್ಬೇಕು" ಅಂದರು. ಬೈದಿದ್ದರೆ ಚೆನ್ನಾಗಿತ್ತು ಎನ್ನುತ್ತಾರೆ ಮಾಮ.

ಅಂದಿನಿಂದ ಆ ಕೊಠಡಿಯಲ್ಲಿ ಒಂದು ಕಟ್ಟಳೆ. ಯಾರೇ ಹೇಳಲಿ, ಕ್ಯಾಮೆರಾ ಹಿಡಿದವರು ಲೆಕ್ಕ ಕೂಗದೆ ಗಾಳಿ ತುಂಬಿಸುವಂತಿಲ್ಲ. ಇವತ್ತಿನ ಬೋರ್ಡಿನಲ್ಲಿ 'ಎಡ, 3'. ಹನ್ನೊಂದು ಗಂಟೆಗೆ ಮೂರನೆಯ ಚೀಲ ಹೊರಬರುತ್ತದೆ. "ಮೂರಕ್ಕೆ ಮೂರು!" ಎನ್ನುತ್ತಾರೆ ಮಾಮ, ತಮ್ಮದೇ ದನಿಯಲ್ಲಿ. ಏಳು ವರ್ಷದಿಂದ ಒಳಗೆ ಅವರಾಡುವ ಮಾತು ಇಷ್ಟೇ.

ಈ ತಿಂಗಳ ಕೊನೆಗೆ ಮಾಮನಿಗೆ ನಿವೃತ್ತಿ. ಪಂಕ್ಚರ್ ಅಂಗಡಿಯವನು ವರ್ಷಕ್ಕೊಮ್ಮೆ ತಪಾಸಣೆಗೆ ಬರುತ್ತಾನೆ. ಪ್ರತಿ ವರ್ಷ ಮಾಮ ದೂರದ ಕಂಬದ ಮರೆಯಿಂದ ಅವನನ್ನು ನೋಡಿ ವಾಪಸಾಗುತ್ತಾರೆ. ಇವತ್ತು ಅವನ ಸರದಿ. ಇವತ್ತು ತಪ್ಪಿದರೆ ಇನ್ನಿಲ್ಲ.

ಮಧ್ಯಾಹ್ನ ಹೊರರೋಗಿಗಳ ಬೆಂಚಿನಲ್ಲಿ ಅವನು, ಪಕ್ಕದಲ್ಲಿ ಹೆಂಡತಿ. ಮಾಮ ಎದುರಿಗೆ ನಿಲ್ಲುತ್ತಾರೆ. ಬೆಳಿಗ್ಗೆ ಲೋಟ ಹಿಡಿದಿದ್ದ ಕೈಯಿಂದ ಬೆಂಚಿನ ಅಂಚು ಹಿಡಿದುಕೊಳ್ಳುತ್ತಾರೆ. ಎಲ್ಲವನ್ನೂ ಹೇಳುತ್ತಾರೆ. ಸುಸ್ತು, ತಮಾಷೆ, ಕೆಮ್ಮು, ದನಿ, ತಂತಿ. ಒಂದನ್ನೂ ಬಿಡುವುದಿಲ್ಲ.

ಹೆಂಡತಿ ಎದ್ದು ನಲ್ಲಿಯ ಕಡೆ ಹೋಗುತ್ತಾರೆ. ನೀರು ಕುಡಿಯುವುದಿಲ್ಲ, ನಲ್ಲಿ ಬಿಟ್ಟುಕೊಂಡು ಸುಮ್ಮನೆ ನಿಲ್ಲುತ್ತಾರೆ.

ಅಂಗಡಿಯವನು ಮಾಮನನ್ನು ಅಡಿಯಿಂದ ಮುಡಿಯವರೆಗೆ ನೋಡುತ್ತಾನೆ. "ಇನ್ನೊಂದ್ಸಲ ಹೇಳಿ. ಒಳಗೆ ಇನ್ನೂ ಒಂದು ಇತ್ತು?"

"ಇತ್ತು."

"ಅದನ್ನ ತೆಗೆಯೋಕ್ ಮುಂಚೆನೇ ಗಾಳಿ ಹೊಡ್ಸಿದ್ರಿ?"

"ಹೊಡ್ಸಿದ್ದು ಅರಿವಳಿಕೆ ಡಾಕ್ಟ್ರು. ಹೊಡ್ಸೋ ಹಾಗೆ ಮಾಡಿದ್ದು ನಾನು."

ಅಂಗಡಿಯವನ ಹೆಗಲು ಕುಣಿಯತೊಡಗುತ್ತದೆ. "ಅಯ್ಯೋ ಮಹರಾಯಾ! ಮೊಳೆ ಕೀಳದೆ ಟ್ಯೂಬಿಗೆ ಗಾಳಿ ಹೊಡೆದ್ಯಲ್ಲೋ! ನನ್ನ ಅಂಗಡೀಲಿ ಮೊದಲ ದಿನ ಬಂದೋನೂ ಹಾಗೆ ಮಾಡಲ್ಲ ಕಣೋ!"

ಬೆಂಚಿನ ಜನ ತಿರುಗಿ ನೋಡುತ್ತಾರೆ, ವಿಷಯ ತಿಳಿಯದೆಯೂ ಒಂದಿಬ್ಬರು ನಗುತ್ತಾರೆ. ಹೆಂಡತಿ ನಲ್ಲಿಯ ಬಳಿಯಿಂದ ತಿರುಗುವುದಿಲ್ಲ. "ಆ ದನಿ ಮಾಡು ನೋಡೋಣ, ಒಂದೇ ಸಲ" ಎಂದು ಅವನು ಮಾಮನ ತೋಳು ಹಿಡಿದು ಅಲ್ಲಾಡಿಸುತ್ತಾನೆ.

"ಅದು ಹೋಯ್ತು, ಯಜಮಾನ್ರೇ. ಈಗ ಲೆಕ್ಕ ಮಾತ್ರ ಬರುತ್ತೆ."

ಅದಕ್ಕೂ ನಗುತ್ತಾನೆ ಅವನು. ಉಸಿರು ಸಾಲದೆ ನಡುವೆ ನಿಲ್ಲಿಸಿ, ಬಲ ಪಕ್ಕೆಯನ್ನು ಅಂಗೈಯಿಂದ ಒತ್ತಿ ಹಿಡಿದು, ಮತ್ತೆ ನಗುತ್ತಾನೆ. ಅಂಗೈ ಇರುವುದು ಸರಿಯಾಗಿ ಆ ಮೂರು ತೂತುಗಳ ಕಲೆಯ ಮೇಲೆ ಎಂಬುದು ಮಾಮನಿಗೆ ಗೊತ್ತು. ಕಾರಿಡಾರಿನ ಕೊನೆಯವರೆಗೂ ಕೇಳುವುದು ಅವನೊಬ್ಬನ ನಗು. ಎರಡು ನಗುವಿನ ನಡುವೆ ಅವನು ಎಳೆದುಕೊಳ್ಳುವ ಉಸಿರುಗಳನ್ನು ಮಾಮ ಒಂದೊಂದಾಗಿ ಎಣಿಸುತ್ತಾ ನಿಲ್ಲುತ್ತಾರೆ.