ಪಡಸಾಲೆಯಲ್ಲಿ ಅತ್ತೆ

ಅರಸೀಕೆರೆ ಕಡೆಯ ಗಂಡಸಿ ಊರಿನ ಹತ್ತಿರದ ಆ ತೊಟ್ಟಿಮನೆಗೆ ನಾನು ಸೊಸೆಯಾಗಿ ಬಂದವಳು; ಈಗ ಅಲ್ಲೇ ಟೀಚರು. ಮಾವ ಕೊಬ್ಬರಿ ವ್ಯಾಪಾರ ಮಾಡುತ್ತಿದ್ದರು. ಊರ ಶಾಲೆಯ ಗೋಡೆ ಬಿರುಕು ಬಿಟ್ಟಾಗ, "ನಮಗೆ ಎದುರಿನ ಹೊಸ ಮನೆ ಸಾಕು, ಇದರಲ್ಲಿ ಮಕ್ಕಳು ಓದಲಿ" ಅಂತ ಹಳೇ ಮನೆಯನ್ನೇ ಬಿಟ್ಟುಕೊಟ್ಟರು.

ಮನೆಯನ್ನು ಶಾಲೆ ಮಾಡುವುದು ಅಂದುಕೊಂಡಷ್ಟು ಸುಲಭವಿರಲಿಲ್ಲ. ತೊಟ್ಟಿಯ ಸುತ್ತಲಿನ ಹಲಸಿನ ಮರದ ಕಂಬಗಳು ಎಷ್ಟು ದಪ್ಪವೆಂದರೆ ಹಿಂದೆ ಕೂತ ಮಗುವಿಗೆ ಬೋರ್ಡೇ ಕಾಣದು. ಬೋರ್ಡನ್ನು ಈ ಗೋಡೆಗೆ ಆನಿಸಿದೆ, ಆ ಗೋಡೆಗೆ ಆನಿಸಿದೆ. ಕೊನೆಗೆ ಮಕ್ಕಳನ್ನೇ ಕಂಬಗಳ ಮುಂದಕ್ಕೆ ಕೂರಿಸಿದೆ. ಕಾಯಿ ಒಣಗುತ್ತಿದ್ದ ಅಟ್ಟವನ್ನು ಎಷ್ಟು ಗುಡಿಸಿದರೂ ಬಿಸಿಲೇರಿದರೆ ಇಡೀ ಶಾಲೆ ಕೊಬ್ಬರಿ ವಾಸನೆ. ಮಳೆ ಬಂದರಂತೂ ನಾಲ್ಕೂ ಕಡೆಯಿಂದ ತೊಟ್ಟಿಗೆ ನೀರು ಸುರಿಯುವ ಸದ್ದಿಗೆ ಪಾಠ ನಿಂತೇ ಹೋಗುತ್ತದೆ. ಆಗ ನಾವೆಲ್ಲ ಸುಮ್ಮನೆ ಮಳೆ ನೋಡುತ್ತೇವೆ.

ಶಾಲೆ ಶುರುವಾಗುವ ಮೊದಲೇ ಮಾವ ತೀರಿಕೊಂಡರು. ಅತ್ತೆಯನ್ನು ಎಷ್ಟು ಕರೆದರೂ ರಸ್ತೆ ದಾಟಿ ಬರಲಿಲ್ಲ. "ಹೋಗವ್ವ, ನಾನ್ ಬಂದು ಏನ್ ಮಾಡ್ಲಿ" ಅನ್ನುತ್ತಿದ್ದರು. ಒಂದು ಮಧ್ಯಾಹ್ನ ನಾನು ಊಟದ ಡಬ್ಬಿ ಮರೆತು ಬಂದಿದ್ದೆ. ಅದನ್ನು ಹಿಡಿದು ಹಿತ್ತಲ ಬಾಗಿಲಿಂದ ಬಂದರು. ಪಡಸಾಲೆಯಲ್ಲಿ ಮೂರನೇ ತರಗತಿ ನಡೆದಿತ್ತು. ಅವರು ನಡುಮನೆಯ ಬಾಗಿಲ ಮರೆಯಲ್ಲಿ ಸೆರಗು ಹೊದ್ದು ನಿಂತುಬಿಟ್ಟರು.

ಆ ನಿಲುವು ನನಗೆ ಗೊತ್ತು. ಅರಸೀಕೆರೆಯಿಂದ ಬಂದ ವ್ಯಾಪಾರಿಗಳ ಜೊತೆ ಮಾವ ಪಡಸಾಲೆಯಲ್ಲಿ ಕೂತಿದ್ದಾಗ, ಕಾಫಿ ಲೋಟ ದಾಟಿಸಲು ಅತ್ತೆ ಹಾಗೆಯೇ ನಿಲ್ಲುತ್ತಿದ್ದರು. ಆ ಮನೆಯ ಹೆಂಗಸರು ಪಡಸಾಲೆಯನ್ನು ಗುಡಿಸಿ ಒರೆಸಿದವರೇ ಹೊರತು ಅಲ್ಲಿ ಕೂತವರಲ್ಲ. ನಾನೂ ಅಷ್ಟೇ, ಅಲ್ಲಿ ಕುರ್ಚಿ ಹಾಕಿಕೊಂಡು ಕೂತದ್ದು ಟೀಚರಾದ ಮೇಲೆಯೇ.

ಕಂಬದ ಪಕ್ಕದ ಹುಡುಗಿಯೊಬ್ಬಳು ಅವರನ್ನು ಮೊದಲು ಕಂಡಳು.

"ಅಜ್ಜಿ, ಬನ್ನಿ. ಇಲ್ಲಿ ಜಾಗ ಐತೆ."

"ಬ್ಯಾಡ ಕಣವ್ವ. ನಾವು ಅಲ್ಲಿ ಕೂರಂಗಿಲ್ಲ."

"ಯಾಕೆ, ಮಿಸ್ಸು ಬೈತಾರಾ?"

ಮಕ್ಕಳೆಲ್ಲ ನನ್ನತ್ತ ತಿರುಗಿದರು. ಅತ್ತೆಯೂ ನನ್ನ ಮುಖ ನೋಡಿದರು.

"ಬೈಯಲ್ಲ, ಬನ್ನಿ ಅತ್ತೆ," ಅಂದೆ.

ಹುಡುಗಿ ಎದ್ದು ಹೋಗಿ ಅವರ ಕೈ ಹಿಡಿದಳು. ಅತ್ತೆ ಹೊಸಿಲಲ್ಲಿ ಕೊಂಚ ತಡೆದರು. ಆಮೇಲೆ ದಾಟಿ ಬಂದು, ಮಾವ ಒರಗುತ್ತಿದ್ದ ಕಂಬದ ಬುಡದಲ್ಲೇ ಕೂತರು. ಮೊದಲು ನೆಟ್ಟಗೆ, ನೆಂಟರ ಮನೆಯಲ್ಲಿ ಕೂತ ಹಾಗೆ. ನಾನು ಬೋರ್ಡಿನ ಮೇಲೆ ಒಂದು ಲೆಕ್ಕ ಬರೆದು ತಿರುಗುವಷ್ಟರಲ್ಲಿ ಬೆನ್ನು ಕಂಬಕ್ಕೆ ಆನಿತ್ತು, ಕಾಲು ಚಾಚಿತ್ತು.

"ಎಷ್ಟು ತಣ್ಣಗೈತವ್ವ ಇಲ್ಲಿ! ಅದಕ್ಕೇ ನಿಮ್ಮ ಮಾವ ಎಷ್ಟು ಕರೆದರೂ ಊಟಕ್ಕೆ ಏಳ್ತಿರ್ಲಿಲ್ಲ."

ಹಾಗೆಂದು ಬಾಯಿಗೆ ಸೆರಗು ಅಡ್ಡ ಹಿಡಿದು ನಕ್ಕರು. ಮಾವ ಹೋದ ಮೇಲೆ ಅವರು ನಕ್ಕಿದ್ದನ್ನು ನಾನು ಕಂಡಿರಲಿಲ್ಲ.

ಈಗ ಊಟವಾದ ಮೇಲೆ ದಿನಾ ಬರುತ್ತಾರೆ, ಮುಂಬಾಗಿಲಿಂದಲೇ. ಯಾರ ಜಡೆ ಬಿಚ್ಚಿದೆಯೋ ಅವರನ್ನು ಎಳೆದು ಕೂರಿಸಿ ಹೆಣೆಯುತ್ತಾರೆ. ಒಮ್ಮೊಮ್ಮೆ ಅಲ್ಲೇ ನಿದ್ದೆ ಹೋಗುತ್ತಾರೆ. ಆಗ ಮಕ್ಕಳು ತಾವಾಗಿಯೇ ಪಿಸುದನಿಯಲ್ಲಿ ಮಗ್ಗಿ ಹೇಳುತ್ತಾರೆ. ಜೋರಾಗಿ ಹೇಳಿ ಅಂತ ನಾನೂ ಅನ್ನುವುದಿಲ್ಲ.