ಕರಡಿ ನೆಕ್ಕಿದ ಮೊಸರನ್ನ

ಅಮ್ಮ ಹಕ್ಕಿಗಳಿಗೆಂದು ಮನೆಯ ಮರದ ಜಗಲಿ, ಡೆಕ್ಕಿನ ರೇಲಿಂಗ್ ಮೇಲೆ ಮೊಸರನ್ನ ಇಟ್ಟು ತಿರುಗಿದರೆ, ಮೆಟ್ಟಿಲ ಬಳಿ ಕರಡಿ ನಿಂತಿತ್ತು. ಏಪ್ರಿಲ್ ವಾರಾಂತ್ಯಕ್ಕೆಂದು ನಾವಿರುವ ಊರು ಲಾರೆನ್ಸ್‌ವಿಲ್‌ನಿಂದ ಬಂದು ಜಾರ್ಜಿಯಾದ ಬೆಟ್ಟದ ಮೇಲೊಂದು ಬಾಡಿಗೆ ಮನೆಯಲ್ಲಿ ಇಳಿದಿದ್ದೆವು. ಚಳಿಗಾಲವೆಲ್ಲ ಮಲಗಿ ಎದ್ದಿದ್ದ ಕರಡಿ ಬಡಕಲಾಗಿತ್ತು.

“ಅಮ್ಮಾ, ಓಡ್ಬೇಡ. ಬೆನ್ನು ತಿರುಗಿಸ್ದೆ ನಿಧಾನಕ್ಕೆ ಹಿಂದೆ ಬಾ,” ಎಂದೆ ಬಾಗಿಲಿನಿಂದ. ಅಮ್ಮ ಸೀರೆಯ ನೆರಿಗೆ ಎತ್ತಿ ಹಿಡಿದು, ಕರಡಿಯನ್ನೇ ನೋಡುತ್ತ ಹಿಂದೆ ಸರಿದು ಒಳಗೆ ಬಂದಳು. ಬಾಗಿಲು ಹಾಕಿದೆ. ಕರಡಿ ಮೇಲೆ ಬಂದು ಅನ್ನ ನೆಕ್ಕತೊಡಗಿತು. ನಾನು ರಿಮೋಟ್ ಒತ್ತಿ ಕಾರಿನ ಅಲಾರಂ ಕೂಗಿಸಿದ ಮೇಲೆ ಕಾಡಿನತ್ತ ಓಡಿತು.

“ಪಾಪ, ಹಸಿದಿತ್ತು. ತಿನ್ನೋಕೆ ಬಿಡ್ಬಾರ್ದಿತ್ತಾ?” ಎಂದಳು ಅಮ್ಮ.

ಮನೆ ಮಾಲೀಕನಿಗೆ ಫೋನ್ ಮಾಡಿದೆ. ಅವನು ಹೇಳಿದ್ದನ್ನೇ ಅಮ್ಮನಿಗೆ ಹೇಳಿದೆ: “ಇಲ್ಲಿ ಊಟ ಸಿಗುತ್ತೆ ಅಂತ ರೂಢಿ ಆದ್ರೆ ಜನರ ಹತ್ರಾನೇ ಬರುತ್ತಂತೆ. ಆಮೇಲೆ ಅದನ್ನ ಶೂಟ್ ಮಾಡ್ಬೇಕಾಗುತ್ತಂತೆ.”

ಅಮ್ಮ ಬಕೆಟ್ ತಂದು, ಒಂದು ಅಗುಳೂ ಉಳಿಯದಂತೆ ರೇಲಿಂಗ್ ತೊಳೆದಳು. ಮನೆಗೆ ಬಂದ ಯಾರನ್ನೂ ಹಸಿದ ಹೊಟ್ಟೆಯಲ್ಲಿ ಕಳಿಸಿ ಅವಳಿಗೆ ಗೊತ್ತಿರಲಿಲ್ಲ. ಅದೇ ಮೊದಲು.